ಮಳೆಯ ಲೆಕ್ಕ ಮತ್ತು ಫ್ಲೋಸಾಲ್ವರ್

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಯಾವ ಎರಡು ಊರುಗಳ ನೇರ ದೂರವೂ 40 ಕಿಲೋಮೀಟರ್ ಮೀರದಿದ್ದರೂ, ಗುಬ್ಬಿಗೆ ಹದವಾಗಿ ಸುರಿದ ಮುಂಗಾರು ಮಳೆ ಕುಣಿಗಲ್ಲಿನ ರಾಗಿ ಹೊಲಗಳಿಗೆ ಕೈಕೊಡುವುದು ಈ ಸೀಮೆಯ ರೈತರಿಗೆ ಹೊಸದಲ್ಲ. 1990ರ ದಶಕದಲ್ಲಿ ದೇಶದ ಹವಾ ಮುನ್ಸೂಚನೆಗೆ ಬಳಕೆಯಲ್ಲಿದ್ದ ಟಿ-80 ಎಂಬ ಗಣಿತ ಮಾದರಿಯು ಭೂಮಂಡಲವನ್ನು ಸುಮಾರು 150 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಭಾಗಿಸುತ್ತಿದ್ದುದರಿಂದ, ಈ ಮೂರು ಊರುಗಳ ಮಳೆಯನ್ನು ಬೇರೆಬೇರೆಯಾಗಿ ಕಾಣುವುದು ಅದಕ್ಕೆ ಸಾಧ್ಯವಿರಲಿಲ್ಲ. ಚೌಕದ ಅಗಲವನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಒಂದು ಲೆಕ್ಕಕ್ಕೂ ಮುಂದಿನದಕ್ಕೂ ನಡುವಿನ ಕಾಲಾವಧಿಯನ್ನೂ ಅರ್ಧಕ್ಕಿಳಿಸಬೇಕಾಗಿ ಒಟ್ಟು ಕೆಲಸ ಎಂಟು ಪಟ್ಟಿಗೇರುತ್ತದೆ. ಇಂಥ ಭಾರವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಿ ಏಕಕಾಲಕ್ಕೆ ಮಾಡಿಸುವ ಕ್ರಮವೇ ಸಮಾಂತರ ಗಣನೆ.

ಭಾರತದಲ್ಲಿ ಈ ಕ್ರಮಕ್ಕೆ ಮೊದಲ ರೂಪ ದೊರೆತದ್ದು ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಯು.ಎನ್. ಸಿನ್ಹಾ ಅವರ ತಂಡವು, ವಿಮಾನದ ಸುತ್ತ ಹರಿಯುವ ಗಾಳಿಯ ಸಮೀಕರಣಗಳನ್ನು ಬಿಡಿಸಲೆಂದು, 1986ರಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರವನ್ನು ಕಟ್ಟಿತು. ಅದರಲ್ಲಿದ್ದದ್ದು ಇಂಟೆಲ್ ಕಂಪನಿಯ ನಾಲ್ಕು 8086 ಪ್ರೊಸೆಸರ್‌ಗಳು ಮತ್ತು ದಶಮಾಂಶದ ಲೆಕ್ಕಕ್ಕೆಂದು ಅವಕ್ಕೆ ಜೋಡಿಸಿದ 8087 ಚಿಪ್‌ಗಳು ಮಾತ್ರ. ಮುಂದೆ ಐ860 ಪ್ರೊಸೆಸರ್‌ಗಳಿಂದ ರೂಪುಗೊಂಡ ಮೂರನೆಯ ಆವೃತ್ತಿಯ ಮೇಲೆ ಟಿ-80 ಮಾದರಿಯನ್ನೇ ಸಮಾಂತರವಾಗಿ ನಡೆಸಲಾಯಿತು.

ಗಾಳಿ ಚೌಕದ ಗಡಿಯಲ್ಲಿ ನಿಲ್ಲದ ಕಾರಣ ಪ್ರತಿ ಪ್ರೊಸೆಸರ್‌ಗೂ ಉಳಿದವುಗಳ ಫಲಿತಾಂಶ ಬೇಕೇ ಬೇಕು. ಆದ್ದರಿಂದ ಸಮಾಂತರ ಯಂತ್ರದ ನಿಜವಾದ ಕಷ್ಟವಿರುವುದು ಚಿಪ್‌ಗಳ ವೇಗಕ್ಕಿಂತ ಹೆಚ್ಚಾಗಿ ಅವುಗಳ ನಡುವಿನ ಸಂವಹನದಲ್ಲಿ. ಇದನ್ನರಿತ ಬ್ರಿಸ್ಟಲ್‌ನ ಇನ್ಮಾಸ್ ಕಂಪನಿಯು ಪ್ರೊಸೆಸರ್, ಸ್ಮೃತಿ ಮತ್ತು ನೆರೆಯ ಚಿಪ್‌ಗಳೊಡನೆ ವ್ಯವಹರಿಸುವ ನಾಲ್ಕು ಕೊಂಡಿಗಳನ್ನು ಒಂದೇ ಚಿಪ್ಪಿನೊಳಗೆ ಅಡಕಗೊಳಿಸಿ, ಟ್ರಾನ್ಸ್‌ಪ್ಯೂಟರ್ ಎಂಬ ಏಕಚಿಪ್ ಕಂಪ್ಯೂಟರನ್ನು 1980ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. 1991ರಲ್ಲಿ ಪುಣೆಯ ಸಿ-ಡ್ಯಾಕ್ ನಿರ್ಮಿಸಿದ ಪರಮ್ 8000 ಈ ಚಿಪ್‌ಗಳ ಬಲದಿಂದಲೇ ನಡೆಯಿತು. ಬೆಂಗಳೂರಿನ ತಂಡವಾದರೋ ಸಾಮಾನ್ಯ ಪ್ರೊಸೆಸರ್‌ಗಳನ್ನೇ ನೆಚ್ಚಿ, ಅವುಗಳ ನಡುವಿನ ಸಂವಹನವನ್ನು ತಾನೇ ವಿನ್ಯಾಸಗೊಳಿಸುವ ಹೆಚ್ಚು ಕಷ್ಟದ ದಾರಿ ಹಿಡಿದು, ಕಾಲಾಂತರದಲ್ಲಿ ಫ್ಲೋಸ್ವಿಚ್ ಎಂಬ ಸಾಧನವನ್ನು ರೂಪಿಸಿತು. ಬಿಡಿ ಪ್ರೊಸೆಸರ್‌ಗಳು ಕಳುಹಿಸಿದ ಮೊತ್ತಗಳನ್ನು ಸಾಗಣೆಯ ನಡುವೆಯೇ ಕೂಡಿಸಬಲ್ಲ ಈ ಸಾಧನವು ಸಂದೇಶ ಒಯ್ಯುವ ಕೆಲಸದೊಡನೆ ಲೆಕ್ಕದ ಪಾಲನ್ನೂ ಹೊತ್ತಿತು.

ಪರಮ್‌ಗೆ ದೊರೆತ ಪ್ರಸಿದ್ಧಿ ಅದಕ್ಕಿಂತ ಮೊದಲೇ ಹುಟ್ಟಿದ ಫ್ಲೋಸಾಲ್ವರ್‌ಗೆ ದೊರೆಯದೆ ಹೋದದ್ದು ನ್ಯಾಯವಲ್ಲ. 1963ರಿಂದ ಎಂಜಿನಿಯರಿಂಗ್ ಕಲಿಸುತ್ತ ಬಂದಿರುವ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಂಥ ಕಡೆಗಳಲ್ಲಿ ಸಮಾಂತರ ಗಣನೆಯ ಪಾಠವು ಈ ಯಂತ್ರದಿಂದಲೇ ಆರಂಭವಾಗಬೇಕು.