ಉತ್ತೇಜಕ ಮಾದಕಗಳ ನಂತರದ ಬಳಲಿಕೆ ಮತ್ತು ನಿದ್ರಾಭಂಗ

ಆಂಫೆಟಮಿನ್, ಮೆತಾಂಫೆಟಮಿನ್, ಕೊಕೇನ್, ಎಂಡಿಎಂಎ ಮುಂತಾದ ಉತ್ತೇಜಕಗಳ ಅಮಲು ಇಳಿದ ಮೇಲೆ ವಿಪರೀತ ಸುಸ್ತು, ಒಂದೆರಡು ದಿನದ ಅತಿನಿದ್ರೆ, ಆಮೇಲೆ ವಾರಗಟ್ಟಲೆ ನಿದ್ದೆಗೇಡು ಕಾಣಿಸಿಕೊಳ್ಳುತ್ತವೆ. ಬಳಸುವವರ ಮಾತಿನಲ್ಲಿ ಇದರ ಮೊದಲ ಹಂತಕ್ಕೆ ‘ಕ್ರ್ಯಾಶ್’ ಎಂದು ಹೆಸರು. ಇದೂ ಒಂದು ಹಿಂತೆಗೆತದ, ಅಂದರೆ ಮಾದಕ ನಿಲ್ಲಿಸಿದಾಗ ಬರುವ, ಕಾಯಿಲೆಯೆಂದು ವೈದ್ಯಶಾಸ್ತ್ರ ಒಪ್ಪಿದ್ದು ತಡವಾಗಿ. ಮದ್ಯ ಬಿಟ್ಟವನ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಅಫೀಮು ಬಿಟ್ಟವನಿಗೆ ವಾಂತಿ, ಭೇದಿ, ಮೈಕೈ ನೋವು. ಉತ್ತೇಜಕ ಬಿಟ್ಟವನು ಸುಮ್ಮನೆ ಮಲಗಿಬಿಡುತ್ತಾನೆ. ನಿದ್ದೆಗೆಟ್ಟವನು ಬಾಕಿ ತೀರಿಸಿಕೊಳ್ಳುತ್ತಿದ್ದಾನೆ, ಅಷ್ಟೇ ಎಂಬ ತಿಳಿವಳಿಕೆ ದಶಕಗಳ ಕಾಲ ನಡೆಯಿತು.

ಉತ್ತೇಜಕಗಳಲ್ಲಿ ಅತಿ ಸೌಮ್ಯವಾದ ಕೆಫೀನ್ ಕರ್ನಾಟಕಕ್ಕೆ ಹಳೆಯ ಪರಿಚಯ. 17ನೇ ಶತಮಾನದಲ್ಲಿ ಬಾಬಾ ಬುಡನ್ ಚಿಕ್ಕಮಗಳೂರಿನ ಗಿರಿಗೆ ಕಾಫಿ ಬೀಜ ತಂದರೆಂಬುದು ಪ್ರತೀತಿ. 19ನೇ ಶತಮಾನದಲ್ಲಿ ಘಟ್ಟದ ಕಾಫಿ ಮಂಗಳೂರಿಗಿಳಿದು, ಅಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಸನಾಗಿ ಯುರೋಪಿಗೆ ಹಡಗೇರುತ್ತಿತ್ತು. ಜರ್ಮನಿಯ ರುಂಗೆ ಕಾಫಿಯಿಂದ ಕೆಫೀನನ್ನು ಬೇರ್ಪಡಿಸಿದ್ದು 1819ರಲ್ಲಿ. ಅದನ್ನು ನಿಲ್ಲಿಸಿದಾಗ ತಲೆನೋವು ಬರುತ್ತದೆಂದು 1943ರಲ್ಲಿ ಡ್ರೈಸ್‌ಬಾಕ್ ಮತ್ತು ಫೈಫರ್ ಪ್ರಯೋಗದಿಂದ ತೋರಿಸಿದರು. ಕಾಫಿ ಬಿಟ್ಟ 12ರಿಂದ 24 ಗಂಟೆಗಳಲ್ಲಿ ತಲೆನೋವು, ಮಂಕು, ಆಯಾಸ ಶುರುವಾಗಿ ಹೆಚ್ಚೆಂದರೆ ಒಂಬತ್ತು ದಿನ ಇರುತ್ತವೆ. ಇಷ್ಟು ಸಾಮಾನ್ಯವಾದ ತೊಂದರೆಗೂ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಪೂರ್ಣ ಸ್ಥಾನ ಸಿಕ್ಕಿದ್ದು 2013ರಲ್ಲಿ.

ಸಂಶ್ಲೇಷಿತ ಉತ್ತೇಜಕಗಳ ಚರಿತ್ರೆ 1887ರಲ್ಲಿ ಬರ್ಲಿನ್‌ನಲ್ಲಿ ಎಡೆಲಿಯಾನು ಆಂಫೆಟಮಿನ್ ತಯಾರಿಸಿದಲ್ಲಿಂದ ಆರಂಭ. 1893ರಲ್ಲಿ ಜಪಾನಿನ ನಾಗಾಯಿ ಮೆತಾಂಫೆಟಮಿನ್ ಮಾಡಿದರು. ಎಂಡಿಎಂಎ 1912ರಲ್ಲಿ ಮೆರ್ಕ್ ಕಂಪನಿಯಲ್ಲಿ ಹುಟ್ಟಿತು. ನಿದ್ದೆಗೂ ಇವಕ್ಕೂ ಇರುವ ನಂಟನ್ನು ವೈದ್ಯರು ಮೊದಲು ಗುರುತಿಸಿದ್ದು ಔಷಧವಾಗಿ: 1935ರಲ್ಲಿ ಆಂಫೆಟಮಿನ್ ಇದ್ದ ಬೆಂಜೆಡ್ರಿನನ್ನು ಹಗಲಲ್ಲೇ ತಡೆಯಲಾಗದೆ ನಿದ್ದೆ ಎಳೆಯುವ ನಾರ್ಕೊಲೆಪ್ಸಿ ರೋಗಕ್ಕೆ ಕೊಡಲಾಯಿತು. ಒಂದೆರಡು ವರ್ಷಗಳಲ್ಲೇ ಅಮೆರಿಕದ ಮಿನ್ನೆಸೊಟಾದ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯ ರಾತ್ರಿಗಳಿಗೆ ಬಳಸತೊಡಗಿದ್ದರು. 1940ರ ಏಪ್ರಿಲ್‌ನಿಂದ ಜುಲೈವರೆಗೆ ಜರ್ಮನ್ ಸೇನೆಗೆ 3.5 ಕೋಟಿಗೂ ಹೆಚ್ಚು ಮೆತಾಂಫೆಟಮಿನ್ ಮಾತ್ರೆ ಹೋಯಿತು. ಮಾತ್ರೆಯ ಬಲದಲ್ಲಿ ದಿನಗಟ್ಟಲೆ ಎಚ್ಚರವಿದ್ದ ಸೈನಿಕ ಆಮೇಲೆ ದಿನಗಟ್ಟಲೆ ಕೆಲಸಕ್ಕೆ ಬಾರದವನಾಗುತ್ತಿದ್ದ. ಮರುವರ್ಷವೇ ಜರ್ಮನಿಯಲ್ಲಿ ಆ ಮಾತ್ರೆಗೆ ಅಫೀಮು ಕಾನೂನಿನ ಕಡಿವಾಣ ಬಿತ್ತು. ಯುದ್ಧಾನಂತರ ಹಾವಳಿ ಹೆಚ್ಚಿದ ಜಪಾನ್ 1951ರಲ್ಲಿ ಉತ್ತೇಜಕಗಳಿಗೆಂದೇ ಕಾಯ್ದೆ ತಂದಿತು.

ತಿಳಿವಳಿಕೆ ತಿರುಗಿದ್ದು ನಿದ್ರಾ ಪ್ರಯೋಗಾಲಯದಲ್ಲಿ. ಕನಸಿನ ನಿದ್ದೆ, ಅಂದರೆ ರೆಮ್ ನಿದ್ರೆ, 1953ರಲ್ಲಷ್ಟೇ ಪತ್ತೆಯಾಗಿತ್ತು. 1963ರಲ್ಲಿ ಇಯಾನ್ ಆಸ್ವಾಲ್ಡ್ ಮತ್ತು ವಿ. ಆರ್. ಥಾಕೋರ್ ಆಂಫೆಟಮಿನ್ ಬಿಟ್ಟ ವ್ಯಸನಿಗಳ ಮಿದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿದರು. ರೋಗಿಗಳು ಕಣ್ಣು ಮುಚ್ಚುತ್ತಲೇ ರೆಮ್ ನಿದ್ರೆಗೆ ಜಾರುತ್ತಿದ್ದರು, ಅದರ ಪ್ರಮಾಣವೂ ಮಿತಿಮೀರಿತ್ತು, ಸಹಜಕ್ಕೆ ಮರಳಲು ವಾರಗಳೇ ಹಿಡಿದವು. ಬರಿಯ ಬಾಕಿ ನಿದ್ದೆ ಹೀಗೆ ವಾರಗಟ್ಟಲೆ ಎಳೆಯುವುದಿಲ್ಲ. ಈ ರೋಗಿಗಳನ್ನು ಕಾಡುವ ಭೀಕರ ಕನಸುಗಳ ಕಾರಣವೂ ಇಲ್ಲೇ ಸಿಗುತ್ತದೆ. 1986ರಲ್ಲಿ ಗಾವಿನ್ ಮತ್ತು ಕ್ಲೆಬರ್ ಕೊಕೇನ್ ಬಿಟ್ಟವರಲ್ಲಿ ಮೂರು ಹಂತ ಗುರುತಿಸಿದರು: ಕುಸಿತ, ಹಿಂತೆಗೆತ, ಆಮೇಲೆ ಬಹುಕಾಲ ಬಿಟ್ಟುಬಿಟ್ಟು ಬರುವ ಚಪಲ. ಎಂಡಿಎಂಎಯದು ಬೇರೆ ಲೆಕ್ಕ. ವಾರಾಂತ್ಯದಲ್ಲಿ ನುಂಗಿದವರ ಮನಸ್ಸು ವಾರದ ಮಧ್ಯೆ ಕುಸಿಯುವುದನ್ನು 1997ರಲ್ಲಿ ಕರನ್ ಮತ್ತು ಟ್ರಾವಿಲ್ ದಾಖಲಿಸಿದರು.

ಕಾರಣ ಮಿದುಳಿನ ರಾಸಾಯನಿಕದಲ್ಲಿದೆ. ಉತ್ತೇಜಕಗಳು ಡೋಪಮಿನ್, ನಾರ್‌ಅಡ್ರಿನಲಿನ್‌ಗಳನ್ನು ನರಕೋಶಗಳ ನಡುವೆ ಹರಿಯಬಿಡುತ್ತವೆ ಅಥವಾ ಮರಳಿ ಒಳಸೇರದಂತೆ ತಡೆಯುತ್ತವೆ. ಎಂಡಿಎಂಎ ಮುಖ್ಯವಾಗಿ ಸಿರೊಟೊನಿನ್ ಬರಿದಾಗಿಸುತ್ತದೆ. ಶಕ್ತಿಯೇನೂ ಹೊಸದಾಗಿ ಹುಟ್ಟುವುದಿಲ್ಲ, ದಣಿವಿನ ಸೂಚನೆಯಷ್ಟೇ ಅಡಗುತ್ತದೆ. ನಿಲ್ಲಿಸಿದ ಮೇಲೂ ನಿದ್ದೆ ಕೂಡಲೇ ಸರಿಹೋಗುವುದಿಲ್ಲ. ಕೊಕೇನ್ ಬಿಟ್ಟು ಎರಡು ಮೂರು ವಾರವಾದವರು ತಮ್ಮ ನಿದ್ದೆ ಸುಧಾರಿಸಿದೆ ಎನ್ನುತ್ತಿರುವಾಗಲೇ ಯಂತ್ರದ ದಾಖಲೆಯಲ್ಲಿ ಅದು ಹದಗೆಡುತ್ತಿದ್ದುದನ್ನು 2006ರ ಒಂದು ಅಧ್ಯಯನ ತೋರಿಸಿತು.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದಲ್ಲಿ ಆಂಫೆಟಮಿನ್ ಬಗೆಯ ಉತ್ತೇಜಕ ಬಳಸುವವರು ಶೇ. 0.18, ಕೊಕೇನ್ ಶೇ. 0.10, ಮದ್ಯ ಶೇ. 14.6. ನಮ್ಮ ವ್ಯಸನಮುಕ್ತಿ ಕೇಂದ್ರಗಳು ಕುಡಿತದ ಸುತ್ತಲೇ ಬೆಳೆದದ್ದು ಸಹಜ. ಕರಾವಳಿಯಲ್ಲಿ ಮಾತ್ರ ಚಿತ್ರ ಬದಲಾಗಿದೆ. 2024ರಲ್ಲಿ ಮಂಗಳೂರಿನ ಪಂಪ್‌ವೆಲ್ ಬಳಿ ಆದ ಒಂದು ಬಂಧನದ ಜಾಡು ಹಿಡಿದ ನಗರದ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸುಮಾರು 37.8 ಕಿಲೋ ಎಂಡಿಎಂಎ ವಶಪಡಿಸಿಕೊಂಡರು. ಅವರು ಕಟ್ಟಿದ ಬೆಲೆ 75 ಕೋಟಿ ರೂಪಾಯಿ. 1985ರ ಮಾದಕವಸ್ತು ನಿಯಂತ್ರಣ (ಎನ್‌ಡಿಪಿಎಸ್) ಕಾಯ್ದೆಯಡಿ ಈ ಮಾದಕದ ‘ವಾಣಿಜ್ಯ ಪ್ರಮಾಣ’ ಶುರುವಾಗುವುದೇ ಹತ್ತು ಗ್ರಾಮಿನಿಂದ.

ಪಂಪ್‌ವೆಲ್‌ನಿಂದ ಕಂಕನಾಡಿ ದಾಟಿದರೆ ಫಳ್ನೀರ್. ಖಾಸಗಿ ಆಸ್ಪತ್ರೆ, ಔಷಧಿ ಅಂಗಡಿಗಳ ಬೀದಿ. ಒಂದು ತುದಿಗೆ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ. ಇಂಥ ಕಡೆಗೆ ಮಳೆಗಾಲದಲ್ಲಿ ಸುಸ್ತೆಂದು ಬರುವ ಹುಡುಗನಿಗೆ ಮೊದಲು ಆಗುವುದು ಮಲೇರಿಯಾ, ಡೆಂಗಿ ಪರೀಕ್ಷೆ. ಈ ಊರಿನಲ್ಲಿ ಅದು ಸರಿಯಾದ ಕ್ರಮವೇ. ಎರಡು ದಿನ ಏಳದೆ ಮಲಗಿದ್ದವನನ್ನು ಮನೆಯವರು ಕರೆತರುವಷ್ಟರಲ್ಲಿ ಎರಡರಿಂದ ನಾಲ್ಕು ದಿನವಷ್ಟೇ ಮೂತ್ರದಲ್ಲಿ ಉಳಿಯುವ ಎಂಡಿಎಂಎ ಕುರುಹೂ ಅಳಿಯುತ್ತಿರುತ್ತದೆ. ಹಾಗಾಗಿ ಲ್ಯಾಬ್ ವರದಿಗಿಂತ ಕೇಳಿ ತಿಳಿಯುವುದೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ: ವಾರಾಂತ್ಯ ಎಲ್ಲಿದ್ದ, ಹಸಿವು ಹೆಚ್ಚಿದೆಯೇ, ಕನಸು ಹೇಗಿವೆ.

ಈ ಕುಸಿತಕ್ಕೆಂದೇ ಮಂಜೂರಾದ ಔಷಧ ಇಲ್ಲ. ಮೊದಲ ದಿನಗಳಲ್ಲಿ ಮಲಗಲು ಬಿಡುವುದು, ಊಟ, ನೀರು ಕೊಡುವುದು, ಆಮೇಲೆ ಏಳುವ ಹೊತ್ತನ್ನು ನಿಗದಿ ಮಾಡುವುದು, ವರ್ತನಾ ಚಿಕಿತ್ಸೆ ಇವೇ ಮುಖ್ಯ. ನಿದ್ದೆ ಮಾತ್ರೆಯಿಂದ ಹೊಸ ಅವಲಂಬನೆ ಹುಟ್ಟುವ ಅಪಾಯವಿದೆ. ಖಿನ್ನತೆ ಆತ್ಮಹತ್ಯೆಯ ಯೋಚನೆಗೆ ತಿರುಗಬಹುದಾದ್ದರಿಂದ ಮೊದಲ ವಾರ ಒಬ್ಬರು ಜೊತೆಗಿರಬೇಕು. ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಸೇವನೆಯಂಥ ಅಪರಾಧಗಳಲ್ಲಿ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ವ್ಯಸನಮುಕ್ತಿ ಸಹಾಯವಾಣಿ 14446. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ 14416 ಕನ್ನಡದಲ್ಲೂ ದೊರೆಯುತ್ತದೆ.