ಜಾತ್ರೆಯ ಬೇರು, ದೊಡ್ಡಪ್ಪನ ಬಿಪಿ

ಹೋದ ವರ್ಷ ಕಂಪ್ಲಿಯಲ್ಲಿ ನಮ್ಮ ದೊಡ್ಡಪ್ಪ ಬೆಳಿಗ್ಗೆ ಮಂಚದಿಂದ ಎದ್ದವರು ಹಾಗೇ ಕುಸಿದುಬಿಟ್ಟರು. ಹೊಸಪೇಟೆಗೆ ಕರೆದೊಯ್ದಾಗ ನಾಡಿಬಡಿತ ನಿಮಿಷಕ್ಕೆ 44. "ಅಟೆನೊಲಾಲ್ ಬಿಟ್ಟು ಬೇರೆ ಏನಾದ್ರೂ ಔಷಧಿ ತಗೊಳ್ತೀರಾ?" ಅಂತ ಡಾಕ್ಟರು ಕೇಳಿದರು. "ಏನೂ ಇಲ್ಲ ಸರ್" ಅಂದರು ದೊಡ್ಡಪ್ಪ. ಸುಳ್ಳೇನೂ ಹೇಳಲಿಲ್ಲ ಅವರು. ಸಂಡೂರಿನ ಕುಮಾರಸ್ವಾಮಿ ಜಾತ್ರೆಯಲ್ಲಿ ಕೊಂಡ ಒಂದು ಪುಡಿಯನ್ನು ದಿನಾ ರಾತ್ರಿ ಹಾಲಿಗೆ ಹಾಕಿ ಕುಡಿಯುತ್ತಿದ್ದರು, ಆದರೆ ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. "ಅದು ಬೇರಪ್ಪ, ಗುಳಿಗಿ ಅಲ್ಲ."

ಪೊಟ್ಟಣದ ಮೇಲೆ 'ಸರ್ಪಗಂಧಿ, ಸಾವಿರಾರು ವರ್ಷಗಳಿಂದ ಬಿಪಿಗೆ ರಾಮಬಾಣ' ಎಂದಿತ್ತು. ಆ ಸಾಲು ನನ್ನ ತಲೆ ಕೆಡಿಸಿತು. ಯಾಕಂದ್ರೆ ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚ್ಚಿ ಮಾಡಿದ್ದೇ 1896ರಲ್ಲಿ. ಅಳೆಯೋಕೇ ಆಗದ ರೋಗಕ್ಕೆ ಸಾವಿರಾರು ವರ್ಷ ರಾಮಬಾಣ ಹೇಗೆ? ಹಳಬರು ಈ ಬೇರನ್ನು ಬಳಸುತ್ತಿದ್ದದ್ದು ಹಾವಿನ ಕಡಿತಕ್ಕೆ, ನಿದ್ದೆ ಬಾರದವರಿಗೆ, ಹುಚ್ಚು ಹಿಡಿದವರಿಗೆ.

ಹಾಗಂತ ಹಳಬರು ದಡ್ಡರಾಗಿರಲಿಲ್ಲ. ಹಂಪಿಯ ವಿಜಯನಗರ ಇನ್ನೂ ಎಳೆಯದಾಗಿದ್ದ 14ನೇ ಶತಮಾನದಲ್ಲೇ ಮಂಗರಾಜ ಎಂಬ ಜೈನ ಕವಿ ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ' ಬರೆದ. ಇಡೀ ಪುಸ್ತಕ ವಿಷವೈದ್ಯದ್ದು, ಸ್ಥಾವರ ವಿಷ, ಅಂದರೆ ಗಿಡಮೂಲದಂಥ ವಿಷಗಳ ಮಾತೂ ಅದರಲ್ಲಿದೆ. 'ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ' ಅನ್ನೋ ಮಾತನ್ನು ಅವನು ಖಂಡಿತ ಒಪ್ಪುತ್ತಿರಲಿಲ್ಲ. ಇನ್ನು 1563ರಲ್ಲಿ, ತಾಳಿಕೋಟೆ ಯುದ್ಧಕ್ಕೆ ಎರಡು ವರ್ಷ ಮೊದಲು, ಗೋವಾದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಅಚ್ಚು ಹಾಕಿಸಿದ ಪುಸ್ತಕದಲ್ಲಿ 'ಹಾವಿನ ಮರ'ದ ಸುದ್ದಿ ಇದೆ. ನಾಗರಹಾವಿನ ಜೊತೆ ಕಾದಾಡುವ ಮುಂಗುಸಿ ಮೊದಲು ಅದನ್ನು ಹುಡುಕುತ್ತದಂತೆ! ಅಲ್ಲಿ ಹೇಳಿರುವ ಮರಗಳಲ್ಲಿ ಒಂದು ನಮ್ಮ ಸರ್ಪಗಂಧಿ ಎಂದು ಹಲವು ವಿದ್ವಾಂಸರ ಅಭಿಪ್ರಾಯ. (ಗಿಡಕ್ಕೆ ರೌವೊಲ್ಫಿಯಾ ಅನ್ನೋ ಹೆಸರು ಬಂದದ್ದು ಜರ್ಮನಿಯ ವೈದ್ಯ ರೌವೊಲ್ಫ್‌ನಿಂದ. ಪಾಪ, ಆತ ಭಾರತಕ್ಕೇ ಬಂದಿರಲಿಲ್ಲ.)

ಬಿಪಿಗೂ ಈ ಬೇರಿಗೂ ಗಂಟು ಬಿದ್ದದ್ದು 1931ರಲ್ಲಿ. ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಆಗುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳಿಗೆ ಕೊಟ್ಟು, ಫಲಿತಾಂಶವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಎಚ್ಚೆತ್ತಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಮರುವರ್ಷ, ಇತ್ತ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದ 1953ರಲ್ಲಿ, ಅತ್ತ ಅದು ಗುಳಿಗೆಯಾಗಿ ಮಾರುಕಟ್ಟೆಗೆ ಬಂತು. ಬಿಪಿಗೆ ಜಗತ್ತು ವ್ಯಾಪಕವಾಗಿ ನುಂಗಿದ ಮೊದಮೊದಲ ಮಾತ್ರೆಗಳಲ್ಲಿ ಒಂದು ನಮ್ಮ ಬೇರಿನದ್ದು. ಹೆಮ್ಮೆ ಪಡೋಣ, ಅಡ್ಡಿಯಿಲ್ಲ.

ಆದರೆ ದೊಡ್ಡಪ್ಪನ ಲೆಕ್ಕ ತಪ್ಪಿದ್ದು ಇಲ್ಲೇ. ಬೇರು ಬೇರೆ, ಗುಳಿಗಿ ಬೇರೆ ಅಂತ ಅವರು ಅಂದುಕೊಂಡಿದ್ದರು. ರಿಸರ್ಪಿನ್ ಗುಳಿಗೆಯ ಪ್ರಮಾಣ ದಿನಕ್ಕೆ ಸಾಮಾನ್ಯವಾಗಿ 0.1ರಿಂದ 0.25 ಮಿಲಿಗ್ರಾಂ. ಒಳ್ಳೆಯ ಬೇರಿನ ಒಂದು ಗ್ರಾಂ ಪುಡಿಯಲ್ಲಿ ರಿಸರ್ಪಿನ್ ಮತ್ತು ಅದರ ಸೋದರ ಆಲ್ಕಲಾಯ್ಡ್ ಸೇರಿ ಒಂದು ಮಿಲಿಗ್ರಾಂನಷ್ಟು ಇರಬಹುದು. ದೊಡ್ಡಪ್ಪ ಹಾಕುತ್ತಿದ್ದದ್ದು ಅರ್ಧ ಚಮಚ! ಜಾತ್ರೆಯ ಪುಡಿಯಲ್ಲಿ ಎಷ್ಟಿತ್ತೋ ಯಾರಿಗೆ ಗೊತ್ತು. ಈ ಕಂತೆಗೂ ಆ ಕಂತೆಗೂ ಸಾರ ಒಂದೇ ಇರಲ್ಲ.

ರಿಸರ್ಪಿನ್ ನರದ ತುದಿಗಳಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನು ಬರಿದು ಮಾಡುತ್ತದೆ. ಅಟೆನೊಲಾಲ್ ಅದೇ ಸಂದೇಶ ಹೃದಯಕ್ಕೆ ತಲುಪುವ ಬಾಗಿಲನ್ನೇ ಮುಚ್ಚುತ್ತದೆ. ಎರಡೂ ಸೇರಿದರೆ ನಾಡಿ ನಿಧಾನವಾಗುತ್ತದೆ, ಎದ್ದು ನಿಂತಾಗ ಬಿಪಿ ಧಡಕ್ಕನೆ ಇಳಿಯುತ್ತದೆ. ದಾಸ್ತಾನು ಮತ್ತೆ ತುಂಬಲು ಸಮಯ ಬೇಕು, ಹಾಗಾಗಿ ಪುಡಿ ಬಿಟ್ಟ ಮೇಲೂ ದೊಡ್ಡಪ್ಪನಿಗೆ ಹತ್ತಾರು ದಿನ ಸುಸ್ತು, ಮಂಕು. ಡಾಕ್ಟರು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ, ಪ್ರಮಾಣ ಇಳಿಸಿದರು. ಅಟೆನೊಲಾಲ್ ಥಟ್ಟನೆ ಬಿಡುವುದೂ ಅಪಾಯವೇ.

ಪೊಟ್ಟಣದ ಸುಳಿವು ಸಿಕ್ಕಿದ್ದು ದೊಡ್ಡಮ್ಮನಿಂದ. "ಹಾಲಿಗೆ ಏನೋ ಹಾಕ್ಕೊಂತಾರ ನೋಡ್ರಿ" ಅಂತ ವಾರ್ಡಿನಲ್ಲಿ ಬಾಯಿ ಬಿಡದಿದ್ದರೆ ನಾವೆಲ್ಲ ಹೃದಯದ ಟೆಸ್ಟುಗಳ ಹಿಂದೆ ಓಡುತ್ತಿದ್ದೆವು.

ಈ ಕಥೆಯೆಲ್ಲ ಹೇಳಿದ ಮೇಲೆ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾನು ಎರಡ್ ಗುಳಿಗಿ ನುಂಗತಿದ್ನೆ ಅನ್ನು" ಅಂದರು. ಮುಂದಿನ ತಪಾಸಣೆಗೆ ಹೋಗುವಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡರು. ಕೆಮ್ಮಿಗೆಂದು ಇಟ್ಟಿದ್ದ ಜ್ಯೇಷ್ಠಮಧುವನ್ನು ಡಾಕ್ಟರು ಪಕ್ಕಕ್ಕೆ ತೆಗೆದಿಟ್ಟರು. ದಿನಾ ತಿಂದರೆ ಅದು ಮೈಯಲ್ಲಿ ಉಪ್ಪುನೀರು ನಿಲ್ಲಿಸಿ ಬಿಪಿ ಏರಿಸುತ್ತದಂತೆ. ಜೀರಿಗೆ ಡಬ್ಬಿ ವಾಪಸ್ ಬಂತು.