ಕುರ್ಚಿಯೊಡನೆ ಚಿಮ್ಮುವ ಪಾಠ

ಯುದ್ಧವಿಮಾನಗಳ ವೇಗ ಹೆಚ್ಚಿದಂತೆ, ಅಪಾಯದಲ್ಲಿ ಹೊರಗೆ ಧುಮುಕುವುದು ಚಾಲಕನಿಗೆ ಕಷ್ಟವಾಗುತ್ತ ಬಂತು. ಎದುರುಗಾಳಿಯ ರಭಸ ಅವನನ್ನು ವಿಮಾನದ ಬಾಲಕ್ಕೆ ಅಪ್ಪಳಿಸುವ ಭಯವಿತ್ತು. ಸಿಡಿಮದ್ದಿನ ಬಲದಿಂದ ಕುರ್ಚಿಯನ್ನೇ ಮೇಲಕ್ಕೆ ಚಿಮ್ಮಿಸುವುದು ಒಂದು ಪರಿಹಾರ. ಆದರೆ ಆ ಹೊಡೆತವನ್ನು ಮನುಷ್ಯನ ಬೆನ್ನುಮೂಳೆ ತಾಳೀತೆ?

1945ರ ಜನವರಿಯಲ್ಲಿ ಇಂಗ್ಲೆಂಡಿನ ಮಾರ್ಟಿನ್-ಬೇಕರ್ ಸಂಸ್ಥೆಯ ಫಿಟ್ಟರ್ ಬರ್ನಾರ್ಡ್ ಲಿಂಚ್, ನೆಲದ ಮೇಲಿನ ಪರೀಕ್ಷಾ ಗೋಪುರದ ಕುರ್ಚಿಯಲ್ಲಿ ಕುಳಿತು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಮುಂದಿನ ಪ್ರಯೋಗಗಳಲ್ಲಿ ಒಬ್ಬರ ಬೆನ್ನೆಲುಬಿಗೆ ಪೆಟ್ಟಾಯಿತು. ಬಲ ಎಷ್ಟು ಎಂಬುದಷ್ಟೇ ಅಲ್ಲ, ಅದು ಏರುವ ಬಗೆಯೂ ಕೂರುವ ಭಂಗಿಯೂ ಮುಖ್ಯವೆಂದು ತಿಳಿಯಿತು. 1946ರ ಜುಲೈ 24ರಂದು ಲಿಂಚ್ ಹಾರುತ್ತಿದ್ದ ಮೀಟಿಯರ್ ವಿಮಾನದಿಂದ ಚಿಮ್ಮಿ, ಪ್ಯಾರಾಚೂಟಿನಲ್ಲಿ ಕ್ಷೇಮವಾಗಿ ಇಳಿದರು.

ಇಂದಿಗೂ ತರಬೇತಿಯ ತಿರುಳು ಅದೇ: ಬೆನ್ನು ನೆಟ್ಟಗಿರಲಿ, ತಲೆ ಹಿಂದಕ್ಕೊರಗಿರಲಿ, ಆಮೇಲೆ ಹಿಡಿ ಎಳೆಯಿರಿ. ಯೋಚಿಸಲು ಪುರಸೊತ್ತಿಲ್ಲದ ಆ ಗಳಿಗೆಯಲ್ಲಿ ಕಾಪಾಡುವುದು ಮೈಗೂಡಿದ ಅಭ್ಯಾಸವೇ.